ಗಣಕದ ಗಡಿಯಾರ ಮತ್ತು ಅದರ ತಿದ್ದುಪಡಿ

ಗಡಿಯಾರವು ಸರಿಯಾಗಿದೆ ಎಂದು ಹೇಳುವಾಗ ನಾವು ಅದನ್ನು ಯಾವುದರೊಡನೆ ಹೋಲಿಸುತ್ತೇವೆ? ಸೂರ್ಯನು ಆಕಾಶದಲ್ಲಿ ಅತ್ಯಂತ ಎತ್ತರಕ್ಕೆ ಬಂದಾಗ ಹನ್ನೆರಡು ಗಂಟೆಯೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಆದರೆ ಯಾದಗಿರಿಯಲ್ಲಿ ಸೂರ್ಯನು ಆ ಸ್ಥಾನವನ್ನು ಮುಟ್ಟುವಾಗ ನಮ್ಮ ಗಡಿಯಾರಗಳು ವರ್ಷದ ಸರಾಸರಿಯಲ್ಲಿ 12 ಗಂಟೆ 21 ನಿಮಿಷವನ್ನು ತೋರಿಸುತ್ತವೆ. ಅಲ್ಲಿಂದ ಪಶ್ಚಿಮಕ್ಕಿರುವ ಶಹಾಪುರದಲ್ಲಿ ಇನ್ನೂ ಒಂದು ನಿಮಿಷಕ್ಕಿಂತ ತುಸು ಹೆಚ್ಚು ತಡ. ಸುರಪುರದಲ್ಲಿ ಸುಮಾರು 12 ಗಂಟೆ 23 ನಿಮಿಷ. ಹಾಗಾದರೆ ಈ ಮೂರು ಊರುಗಳ ಗಡಿಯಾರಗಳೆಲ್ಲ ತಪ್ಪೇ? ಅಲ್ಲ. ಭಾರತದ ಶಿಷ್ಟಕಾಲವು 82½ ಡಿಗ್ರಿ ಪೂರ್ವ ರೇಖಾಂಶದ ಕಾಲ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಯಾದಗಿರಿಯು ಆ ರೇಖೆಗಿಂತ ಐದೂಕಾಲು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯನು ಇಪ್ಪತ್ತೊಂದು ನಿಮಿಷ ತಡಮಾಡುತ್ತಾನೆ. ಸೂರ್ಯನೊಡನೆ ಹೋಲಿಸಿದರೆ ತಪ್ಪಾಗಿರುವ ಗಡಿಯಾರವೇ ದೇಶದ ಒಪ್ಪಂದದೊಡನೆ ಹೋಲಿಸಿದರೆ ಸರಿಯಾಗಿರುತ್ತದೆ.

ಈ ಒಪ್ಪಂದವು ಒಮ್ಮೆಗೇ ಆದುದಲ್ಲ. ಶಹಾಪುರ ತಾಲೂಕಿನ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ಸಾಲುಸಾಲಾಗಿ ಇಟ್ಟ ನೂರಾರು ಬಂಡೆಗಳಿವೆ. ಆ ಸಾಲುಗಳು ಸೂರ್ಯನ ಉದಯಾಸ್ತಗಳ ದಿಕ್ಕನ್ನು ಗುರುತಿಸುತ್ತಿದ್ದಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. 1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವು ಯಾದಗಿರಿಯನ್ನು ಹಾದು ರಾಯಚೂರನ್ನು ಸೇರಿತು. ರೈಲುಗಳು ಆಗ ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಆ ವೇಳೆ ಯಾದಗಿರಿಯ ಸೂರ್ಯನ ವೇಳೆಗಿಂತ ಸುಮಾರು ಹನ್ನೆರಡೂವರೆ ನಿಮಿಷ ಮುಂದೆ. 1906ರ ಜನವರಿ 1ರಿಂದ ಈಗಿನ ಶಿಷ್ಟಕಾಲವು ಬಳಕೆಗೆ ಬಂದಿತು. ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಒಂದೇ: ಯಾವ ಗಡಿಯಾರವೂ ತಾನಾಗಿ ಸರಿಯಲ್ಲ. ಯಾವ ಪ್ರಮಾಣದೊಡನೆ ಅದನ್ನು ಹೋಲಿಸಬೇಕು, ಎಷ್ಟು ತಪ್ಪಿದೆ, ಹೇಗೆ ತಿದ್ದಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಗಡಿಯಾರದ ಬಗೆಗೂ ಕೇಳಬೇಕಾಗುತ್ತದೆ. ನಮ್ಮ ಶಾಲೆ ಕಾಲೇಜುಗಳ ಪ್ರಯೋಗಶಾಲೆಯಲ್ಲಿರುವ ಗಣಕಯಂತ್ರದ ಗಡಿಯಾರಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಒಂದು ಯಂತ್ರ, ಎರಡು ಗಡಿಯಾರ

ಗಣಕದ ಪರದೆಯ ಮೂಲೆಯಲ್ಲಿ ಕಾಣುವ ಗಡಿಯಾರ ಒಂದೇ ಆದರೂ ಯಂತ್ರದ ಒಳಗೆ ಎರಡು ಗಡಿಯಾರಗಳಿವೆ. ಇದನ್ನು ವಿದ್ಯಾರ್ಥಿಗಳು ಮೊದಲು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು.

ಒಂದನೆಯದನ್ನು ಯಂತ್ರಗಡಿಯಾರವೆಂದು ಕರೆಯೋಣ. ಇದು ಮದರ್‌ಬೋರ್ಡಿನ ಮೇಲೆ ಇರುವ ಒಂದು ಸಣ್ಣ ಮಂಡಲ. ಗಣಕಕ್ಕೆ ವಿದ್ಯುತ್ತು ಇಲ್ಲದಿರುವಾಗಲೂ ಇದು ಓಡುತ್ತಿರಬೇಕಾದುದರಿಂದ ಇದಕ್ಕೆ ಪ್ರತ್ಯೇಕವಾದ ಬ್ಯಾಟರಿಯುಂಟು. ನಾಣ್ಯದಂತೆ ಗುಂಡಗೆ ಚಪ್ಪಟೆಯಾಗಿರುವ, ಸಾಮಾನ್ಯವಾಗಿ ಸಿಆರ್ 2032 ಎಂಬ ಗುರುತಿನ, 3 ವೋಲ್ಟಿನ ಬ್ಯಾಟರಿ ಅದು. 1984ರಲ್ಲಿ ಐಬಿಎಂ ಕಂಪನಿಯು ತನ್ನ ಎಟಿ ಮಾದರಿಯ ಗಣಕದಲ್ಲಿ ಇಂಥ ಗಡಿಯಾರವನ್ನು ಅಳವಡಿಸಿತು. ಅಲ್ಲಿಂದ ಮುಂದೆ ಮೇಜಿನ ಗಣಕಗಳಲ್ಲಿ ಇದು ರೂಢಿಯಾಯಿತು.

ಎರಡನೆಯದು ವ್ಯವಸ್ಥಾಗಡಿಯಾರ. ಲಿನಕ್ಸ್, ವಿಂಡೋಸ್ ಮೊದಲಾದ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ, ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡಿರುವ ಒಂದು ಎಣಿಕೆ ಮಾತ್ರ ಇದು. ಲಿನಕ್ಸ್ ವ್ಯವಸ್ಥೆಯು 1970ರ ಜನವರಿ 1ರಂದು ಗ್ರೀನಿಚ್ಚಿನಲ್ಲಿ ನಡುರಾತ್ರಿ ಕಳೆದಂದಿನಿಂದ ಎಷ್ಟು ಸೆಕೆಂಡುಗಳಾದವು ಎಂದು ಎಣಿಸುತ್ತದೆ. ಆ ಕ್ಷಣದಲ್ಲಿ ಯಾದಗಿರಿಯಲ್ಲಿ ಬೆಳಗಿನ ಐದೂವರೆ ಗಂಟೆ. ಗಣಕವನ್ನು ನಿಲ್ಲಿಸಿದೊಡನೆ ಈ ಎಣಿಕೆ ಅಳಿದುಹೋಗುತ್ತದೆ.

ಗಣಕವನ್ನು ಹೊತ್ತಿಸಿದಾಗ ಕಾರ್ಯಾಚರಣ ವ್ಯವಸ್ಥೆಯು ಯಂತ್ರಗಡಿಯಾರವನ್ನು ಒಮ್ಮೆ ಓದಿ, ಅದರಿಂದ ತನ್ನ ಎಣಿಕೆಯನ್ನು ಆರಂಭಿಸುತ್ತದೆ. ಆಮೇಲೆ ಎರಡೂ ತಮ್ಮ ತಮ್ಮ ಪಾಡಿಗೆ ಓಡುತ್ತವೆ. ನಿದ್ದೆಯಿಂದ ಎದ್ದವನು ಗೋಡೆಯ ಗಡಿಯಾರವನ್ನು ನೋಡಿ ಕೈಗಡಿಯಾರವನ್ನು ಹೊಂದಿಸಿಕೊಂಡು ಹೊರಟುಹೋದಂತೆ ಇದು. ಅವನು ಹೊರಗೆ ಯಾರನ್ನೋ ಕೇಳಿ ಕೈಗಡಿಯಾರವನ್ನು ಸರಿಪಡಿಸಿಕೊಂಡರೆ ಮನೆಯ ಗೋಡೆಗಡಿಯಾರ ಸರಿಯಾಗುವುದಿಲ್ಲ. ಮರುದಿನ ಎದ್ದಾಗ ಅದೇ ಹಳೆಯ ತಪ್ಪು ಅವನ ಕೈಗೆ ಮತ್ತೆ ಬರುತ್ತದೆ. ಪರದೆಯ ಮೇಲೆ ವೇಳೆಯನ್ನು ತಿದ್ದಿದರೂ ಮರುದಿನ ಅದು ಮತ್ತೆ ತಪ್ಪುವುದೇಕೆ ಎಂದು ಕೇಳುವವರಿಗೆ ಅನೇಕ ವೇಳೆ ಇದೇ ಉತ್ತರ.

ಬೆಣಚುಕಲ್ಲಿನ ಮಿಡಿತ

ಯಂತ್ರಗಡಿಯಾರವು ತಪ್ಪುವುದೇಕೆ? ಅದರ ಹೃದಯಸ್ಥಾನದಲ್ಲಿ ಒಂದು ಕ್ವಾರ್ಟ್ಸ್ ಸ್ಫಟಿಕವಿದೆ. ಕ್ವಾರ್ಟ್ಸ್ ಎಂದರೆ ನಮ್ಮ ಬೆಣಚುಕಲ್ಲೇ. ಯಾದಗಿರಿಯ ಕೋಟೆಯ ಬೆಟ್ಟದಲ್ಲಿಯೂ ಶಹಾಪುರದ ಬೆಟ್ಟಗಳಲ್ಲಿಯೂ ಗ್ರಾನೈಟ್ ಶಿಲೆಯೊಳಗೆ ಗಾಜಿನಂತೆ ಮಿನುಗುವ ಕಣಗಳಲ್ಲಿರುವ ವಸ್ತುವೂ ಅದೇ. ಗಡಿಯಾರಕ್ಕೆ ಬೇಕಾದ ಶುದ್ಧ ಸ್ಫಟಿಕವನ್ನು ಕಾರ್ಖಾನೆಯಲ್ಲಿ ಬೆಳೆಸಿ, ಇಕ್ಕಳದಂತೆ ಎರಡು ಕವಲುಗಳಿರುವ ಆಕಾರಕ್ಕೆ ಕತ್ತರಿಸುತ್ತಾರೆ. ವಿದ್ಯುತ್ತು ತಗುಲಿದಾಗ ಈ ಕವಲುಗಳು ಸೆಕೆಂಡಿಗೆ 32,768 ಸಲ ಕಂಪಿಸುತ್ತವೆ.

ಈ ಸಂಖ್ಯೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಎರಡನ್ನು ಹದಿನೈದು ಸಲ ಗುಣಿಸಿದರೆ 32,768 ಬರುತ್ತದೆ. ಆದುದರಿಂದ ಈ ಕಂಪನಗಳ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ. ಅರ್ಧ ಮಾಡುವ ಕೆಲಸ ವಿದ್ಯುನ್ಮಂಡಲಗಳಿಗೆ ಬಹು ಸುಲಭ.

ಆದರೆ ಕತ್ತರಿಸುವಾಗ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಂಪನಸಂಖ್ಯೆ ಬದಲಾಗುತ್ತದೆ. ಸಾಮಾನ್ಯ ಸ್ಫಟಿಕಗಳಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿರುವುದು ಅಪರೂಪವಲ್ಲ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಇದು ದಿನಕ್ಕೆ 1.73 ಸೆಕೆಂಡು, ತಿಂಗಳಿಗೆ 52 ಸೆಕೆಂಡು ಆಯಿತು.

ಇದಲ್ಲದೆ ಉಷ್ಣತೆಯ ಪ್ರಭಾವವೂ ಉಂಟು. ಲೋಲಕದ ಗಡಿಯಾರವು ಬಿಸಿಲಿಗೆ ನಿಧಾನವಾಗಿ, ಚಳಿಗೆ ವೇಗವಾಗಿ ಓಡುವುದನ್ನು ವಿದ್ಯಾರ್ಥಿಗಳು ಓದಿರಬಹುದು. ಈ ಸ್ಫಟಿಕದ ನಡತೆ ಬೇರೆ. ಇದು ಸುಮಾರು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅತ್ಯಂತ ವೇಗವಾಗಿ ಕಂಪಿಸುತ್ತದೆ. ಉಷ್ಣತೆ ಅದಕ್ಕಿಂತ ಹೆಚ್ಚಿದರೂ ನಿಧಾನ, ಇಳಿದರೂ ನಿಧಾನ. ಆ ನಿಧಾನವು ಉಷ್ಣತೆಯ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವ್ಯತ್ಯಾಸದ ವರ್ಗವನ್ನು 0.035ರಿಂದ ಗುಣಿಸಿದರೆ ಹತ್ತು ಲಕ್ಷಕ್ಕೆ ಎಷ್ಟು ತಪ್ಪೆಂಬುದು ಸರಿಸುಮಾರಾಗಿ ತಿಳಿಯುತ್ತದೆ.

ಯಾದಗಿರಿ ಸೀಮೆಯ ಬೇಸಗೆ ಎಂಥದೆಂಬುದು ಅಲ್ಲಿಯವರಿಗೆ ಹೇಳಬೇಕಾದುದಿಲ್ಲ. ತಗಡಿನ ಮಾಡಿನ ಕೋಣೆಯೊಂದರಲ್ಲಿ ಗಣಕವು 42 ಡಿಗ್ರಿಯ ಸೆಕೆಯಲ್ಲಿದೆಯೆಂದು ಭಾವಿಸೋಣ. ವ್ಯತ್ಯಾಸ 17, ಅದರ ವರ್ಗ 289, 0.035ರಿಂದ ಗುಣಿಸಿದರೆ ಸುಮಾರು 10. ಎಂದರೆ ಹಗಲಿರುಳೂ ಅದೇ ಸೆಕೆಯಿದ್ದರೆ ಗಡಿಯಾರವು ದಿನಕ್ಕೆ 0.87 ಸೆಕೆಂಡು, ತಿಂಗಳಿಗೆ 26 ಸೆಕೆಂಡು ಹಿಂದೆ ಬೀಳುತ್ತದೆ. ಮಾಘಮಾಸದ ಒಂದು ರಾತ್ರಿ ಕೋಣೆಯಲ್ಲಿ 15 ಡಿಗ್ರಿಯಿದ್ದರೆ ವ್ಯತ್ಯಾಸ 10, ವರ್ಗ 100. ಆಗಿನ ತಪ್ಪು ಬೇಸಗೆಯದರ ಮೂರರಲ್ಲೊಂದು ಪಾಲು ಮಾತ್ರ. ಒಂದೇ ಗಡಿಯಾರವು ಋತುವಿಗೊಂದು ಬಗೆಯಾಗಿ ತಪ್ಪುವುದು ಹೀಗೆ.

ತಪ್ಪಿನ ಪ್ರಮಾಣವೇ ಕಾರಣವನ್ನು ಹೇಳುತ್ತದೆ

ವೈದ್ಯನು ಜ್ವರದ ಲಕ್ಷಣವನ್ನು ನೋಡಿ ರೋಗವನ್ನು ಊಹಿಸುವಂತೆ, ಗಣಕದ ವೇಳೆ ಎಷ್ಟು ತಪ್ಪಿದೆ ಎಂಬುದನ್ನು ನೋಡಿಯೇ ಕಾರಣವನ್ನು ಊಹಿಸಬಹುದು.

ತಪ್ಪು ಕೆಲವು ಸೆಕೆಂಡು ಅಥವಾ ನಿಮಿಷಗಳಷ್ಟಿದ್ದರೆ ಅದು ಸ್ಫಟಿಕದ ದೋಷ. ಗಣಕವು ಹಲವು ವರ್ಷ ಹಿಂದಕ್ಕೆ ಹೋಗಿ, ತಯಾರಕರು ನಿಗದಿಮಾಡಿದ ಯಾವುದೋ ಹಳೆಯ ವರ್ಷದ ಜನವರಿ 1ನ್ನು ತೋರಿಸಿದರೆ ಬ್ಯಾಟರಿ ಬರಿದಾಗಿದೆಯೆಂದು ತಿಳಿಯಬೇಕು. ಅದನ್ನು ಬದಲಿಸದೆ ಎಷ್ಟು ಸಲ ತಿದ್ದಿದರೂ ವಿದ್ಯುತ್ತು ಹೋದೊಡನೆ ತಿದ್ದಿದುದು ವ್ಯರ್ಥ.

ತಪ್ಪು ಸರಿಯಾಗಿ ಐದೂವರೆ ಗಂಟೆಯಾಗಿದ್ದರೆ ಸ್ಫಟಿಕವೂ ನಿರ್ದೋಷಿ, ಬ್ಯಾಟರಿಯೂ ನಿರ್ದೋಷಿ. ತಪ್ಪಿರುವುದು ಅರ್ಥಮಾಡಿಕೊಳ್ಳುವುದರಲ್ಲಿ. ಯಂತ್ರಗಡಿಯಾರವು ಗಂಟೆ, ನಿಮಿಷ, ದಿನಾಂಕಗಳನ್ನು ಬರೆದಿಡುತ್ತದೆಯೇ ಹೊರತು ಅವು ಯಾವ ದೇಶದ ಕಾಲವೆಂದು ಬರೆದಿಡುವುದಿಲ್ಲ. ಲಿನಕ್ಸ್ ಅದನ್ನು ಸಾಮಾನ್ಯವಾಗಿ ಜಾಗತಿಕ ಕಾಲವೆಂದು ಓದುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ಒಂದೇ ಗಣಕದಲ್ಲಿ ಎರಡನ್ನೂ ಇಟ್ಟವರ ಪಾಡನ್ನು ನೋಡೋಣ. ಬೆಳಗ್ಗೆ 10 ಗಂಟೆಗೆ ವಿಂಡೋಸ್ ಯಂತ್ರಗಡಿಯಾರದಲ್ಲಿ 10 ಎಂದು ಬರೆಯುತ್ತದೆ. ಅನಂತರ ಲಿನಕ್ಸ್ ಅದನ್ನು ಗ್ರೀನಿಚ್ಚಿನ 10 ಗಂಟೆಯೆಂದು ಓದಿ, ಐದೂವರೆ ಗಂಟೆ ಕೂಡಿಸಿ, ಮಧ್ಯಾಹ್ನ ಮೂರೂವರೆ ಎಂದು ತೋರಿಸುತ್ತದೆ. ಲಿನಕ್ಸ್ ಬರೆದುದನ್ನು ವಿಂಡೋಸ್ ಓದಿದರೆ ಬೆಳಗಿನ ನಾಲ್ಕೂವರೆ. ಇದಕ್ಕೆ ಪರಿಹಾರ, ಎರಡೂ ವ್ಯವಸ್ಥೆಗಳು ಒಂದೇ ಅರ್ಥವನ್ನು ಒಪ್ಪುವಂತೆ ಮಾಡುವುದು. ಜಾಗತಿಕ ಕಾಲವನ್ನು ಇಡುವುದೇ ಉತ್ತಮವೆಂದು ಬಲ್ಲವರ ಮತ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುವ ದೇಶಗಳಲ್ಲಿ ಸ್ಥಳೀಯ ಕಾಲವನ್ನು ಇಟ್ಟರೆ ಎರಡು ವ್ಯವಸ್ಥೆಗಳೂ ಒಂದೊಂದು ಸಲ ಮುಂದೂಡಿ ಎರಡು ಗಂಟೆಯ ತಪ್ಪಾಗುವ ಭಯವುಂಟು. ನಮ್ಮಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಹಾಗೆ ಒಂದು ಗಂಟೆ ಮುಂದಿಟ್ಟಿದ್ದರು. ಈಗ ಆ ಪದ್ಧತಿಯಿಲ್ಲ.

ತಿದ್ದುವ ಕ್ರಮ

ಈಗ ತಿದ್ದುವ ಕೆಲಸಕ್ಕೆ ಬರೋಣ. ಇದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಅವುಗಳ ಅನುಕ್ರಮವನ್ನು ಬದಲಿಸಬಾರದು.

ಮೊದಲನೆಯದು, ಕಾಲವಲಯವನ್ನು ನೋಡುವುದು. ನಮ್ಮ ದೇಶಕ್ಕೆಲ್ಲ ಗಣಕವು ಕೊಲ್ಕತ್ತಾ ಎಂಬ ಹೆಸರನ್ನು ಬಳಸುತ್ತದೆ. ವಲಯವೇ ತಪ್ಪಿದ್ದಾಗ ಗಂಟೆಯನ್ನು ಕೈಯಿಂದ ತಿದ್ದಿದರೆ, ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತಾಗುತ್ತದೆ.

ಎರಡನೆಯದು, ವ್ಯವಸ್ಥಾಗಡಿಯಾರವನ್ನು ಸರಿಪಡಿಸುವುದು. ಅಂತರಜಾಲ ಸಂಪರ್ಕವಿದ್ದರೆ ಗಣಕವೇ ಈ ಕೆಲಸವನ್ನು ಮಾಡಿಕೊಳ್ಳುತ್ತದೆ.

ಮೂರನೆಯದು, ಸರಿಯಾದ ವೇಳೆಯನ್ನು ಯಂತ್ರಗಡಿಯಾರಕ್ಕೆ ಬರೆಯುವುದು. ಲಿನಕ್ಸಿನಲ್ಲಿ ಇದಕ್ಕೆ ‘ಎಚ್‌ಡಬ್ಲ್ಯುಕ್ಲಾಕ್’ ಎಂಬ ಆಜ್ಞೆಯುಂಟು. ಇದನ್ನು ಬಳಸಲು ಮೇಲ್ವಿಚಾರಕನ ಅಧಿಕಾರ ಬೇಕು. ಈ ಆಜ್ಞೆಯೊಡನೆ ಸೇರುವ ಎರಡು ಸೂಚನೆಗಳಲ್ಲಿ ಬಹಳ ಎಚ್ಚರಿಕೆ ಅಗತ್ಯ. ‘ಸಿಸ್‌ಟುಎಚ್‌ಸಿ’ ಎಂಬುದು ವ್ಯವಸ್ಥೆಯಿಂದ ಯಂತ್ರಕ್ಕೆ ಬರೆಯುತ್ತದೆ. ‘ಎಚ್‌ಸಿಟುಸಿಸ್’ ಎಂಬುದು ಯಂತ್ರದಿಂದ ವ್ಯವಸ್ಥೆಗೆ ತರುತ್ತದೆ. ಇವನ್ನು ಅದಲುಬದಲು ಮಾಡಿದರೆ ಸರಿಯಾದ ವೇಳೆ ಅಳಿದು ತಪ್ಪು ವೇಳೆ ಉಳಿಯುತ್ತದೆ. ವಿಂಡೋಸಿನಲ್ಲಿ ದಿನಾಂಕ ಮತ್ತು ವೇಳೆಯ ಪುಟದಲ್ಲಿ ತಿದ್ದಿದರೆ ಯಂತ್ರಗಡಿಯಾರವೂ ಜೊತೆಗೇ ತಿದ್ದಲ್ಪಡುತ್ತದೆ. ಜಾಲದ ವೇಳೆಯೊಡನೆ ಹೊಂದಿಕೊಂಡಿರುವ ಲಿನಕ್ಸ್ ಸಾಮಾನ್ಯವಾಗಿ 11 ನಿಮಿಷಕ್ಕೊಮ್ಮೆ ತಾನಾಗಿಯೇ ಯಂತ್ರಗಡಿಯಾರಕ್ಕೆ ಬರೆಯುತ್ತಿರುತ್ತದೆ.

ನಾಲ್ಕನೆಯದು, ಮತ್ತೆ ಓದಿ ನೋಡುವುದು. ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆಜ್ಞೆಯು ಸ್ಥಳೀಯ ಕಾಲ, ಜಾಗತಿಕ ಕಾಲ, ಯಂತ್ರಗಡಿಯಾರದ ಕಾಲ ಇವು ಮೂರನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಯಂತ್ರಗಡಿಯಾರವು ಜಾಗತಿಕ ಕಾಲಕ್ಕೆ ಸಮನಾಗಿದ್ದು, ಸ್ಥಳೀಯ ಕಾಲವು ಅವೆರಡಕ್ಕಿಂತ ಐದೂವರೆ ಗಂಟೆ ಮುಂದಿದ್ದರೆ ಕೆಲಸ ಮುಗಿಯಿತು.

ದೂರದ ಗಡಿಯಾರವನ್ನು ಕೇಳುವ ಜಾಣ್ಮೆ

ಜಾಲದ ಮೂಲಕ ವೇಳೆಯನ್ನು ತರುವಾಗ ಒಂದು ತೊಡಕುಂಟು. ಭಾರತದ ಶಿಷ್ಟಕಾಲವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಕಾಪಾಡುತ್ತದೆ. ಅಲ್ಲಿಂದ ಉತ್ತರವು ಶಹಾಪುರಕ್ಕೆ ಬಂದು ಮುಟ್ಟುವಷ್ಟರಲ್ಲಿ ಆ ವೇಳೆ ಹಳೆಯದಾಗಿರುತ್ತದೆ. ದಾರಿಯಲ್ಲಿ ಕಳೆದ ಕಾಲವನ್ನು ಅಳೆಯುವುದು ಹೇಗೆ? ಅಮೆರಿಕದ ಡೇವಿಡ್ ಮಿಲ್ಸ್ ಎಂಬ ವಿಜ್ಞಾನಿಯು 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ವಿಧಾನವು ಇದನ್ನು ಸರಳವಾದ ಅಂಕಗಣಿತದಿಂದ ಬಿಡಿಸುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಗಣಕವು ತನ್ನ ಗಡಿಯಾರದಲ್ಲಿ ಸರಿಯಾಗಿ 10 ಗಂಟೆಯಿದ್ದಾಗ ಪ್ರಶ್ನೆಯನ್ನು ಕಳುಹಿಸಿತು. ಪ್ರಮಾಣ ಗಡಿಯಾರವು ಅದನ್ನು ಪಡೆದಾಗ ಅಲ್ಲಿ 10 ಗಂಟೆ ಕಳೆದು 3.040 ಸೆಕೆಂಡು; ಉತ್ತರವನ್ನು ಕಳುಹಿಸಿದಾಗ 3.050 ಸೆಕೆಂಡು. ಉತ್ತರವು ನಮ್ಮನ್ನು ಮುಟ್ಟಿದಾಗ ನಮ್ಮ ಗಡಿಯಾರದಲ್ಲಿ 0.090 ಸೆಕೆಂಡು. ಹೋಗುವಾಗಿನ ವ್ಯತ್ಯಾಸ 3.040, ಬರುವಾಗಿನ ವ್ಯತ್ಯಾಸ 3.050ರಲ್ಲಿ 0.090 ಕಳೆದು 2.960. ಇವೆರಡರ ಸರಾಸರಿ ಸರಿಯಾಗಿ 3 ಸೆಕೆಂಡು. ನಮ್ಮ ಗಡಿಯಾರವು ಅಷ್ಟು ಹಿಂದಿದೆ. ಮೊದಲನೆಯ ವ್ಯತ್ಯಾಸದಲ್ಲಿ ದಾರಿಯ ಕಾಲವು ಕೂಡಿಕೊಂಡಿರುತ್ತದೆ, ಎರಡನೆಯದರಲ್ಲಿ ಕಳೆದುಹೋಗಿರುತ್ತದೆ. ಸರಾಸರಿ ತೆಗೆದಾಗ ಅದು ಮಾಯವಾಗುತ್ತದೆ. ಹೋಗುವ ದಾರಿಗೂ ಬರುವ ದಾರಿಗೂ ಸಮಾನ ಕಾಲ ಹಿಡಿದಿದೆ ಎಂಬ ಊಹೆ ಇದರಲ್ಲಿ ಅಡಗಿದೆ. ಅದು ನಿಜವಲ್ಲದಿದ್ದಲ್ಲಿ ಲೆಕ್ಕವೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಹೀಗೆ ತಿಳಿದ 3 ಸೆಕೆಂಡನ್ನು ತಟ್ಟನೆ ಕೂಡಿಸಬೇಕೇ, ಮೆಲ್ಲನೆ ಕೂಡಿಸಬೇಕೇ? ಗಡಿಯಾರವು ಮುಂದಿದ್ದಾಗ ತಟ್ಟನೆ ಹಿಂದಿಟ್ಟರೆ, ಒಂದೇ ಸೆಕೆಂಡು ಎರಡು ಸಲ ಬಂದಂತಾಗಿ, ಆಮೇಲೆ ಬರೆದ ಕಡತವು ಮೊದಲು ಬರೆದುದಕ್ಕಿಂತ ಹಳೆಯದೆಂದು ದಾಖಲಾಗುತ್ತದೆ. ಹಣದ ಲೆಕ್ಕವಿಡುವಲ್ಲಿ ಇದು ಅಪಾಯಕರ. ಆದುದರಿಂದ ಸಣ್ಣ ತಪ್ಪುಗಳನ್ನು, ಗಡಿಯಾರದ ವೇಗವನ್ನು ಹತ್ತು ಲಕ್ಷಕ್ಕೆ 500ರಷ್ಟು ಮಾತ್ರ ಹೆಚ್ಚುಕಡಿಮೆ ಮಾಡಿ, ಮೆಲ್ಲನೆ ತಿದ್ದುತ್ತಾರೆ. ಈ ವೇಗದಲ್ಲಿ 1 ಸೆಕೆಂಡನ್ನು ತಿದ್ದಲು 2,000 ಸೆಕೆಂಡು ಬೇಕು. 3 ಸೆಕೆಂಡಿಗೆ ಒಂದು ಗಂಟೆ ನಲವತ್ತು ನಿಮಿಷ. ಎನ್‌ಟಿಪಿಯ ಮೂಲ ಕಾರ್ಯಕ್ರಮವು ಸಾಮಾನ್ಯವಾಗಿ 0.128 ಸೆಕೆಂಡಿಗಿಂತ ಕಡಿಮೆಯ ತಪ್ಪನ್ನು ಮೆಲ್ಲನೆಯೂ ಹೆಚ್ಚಿನದನ್ನು ಒಮ್ಮೆಗೇ ತಿದ್ದುತ್ತದೆ.

ಜಾಲವಿಲ್ಲದಲ್ಲಿ

ಸುರಪುರದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಗಣಕವಿದೆ, ಅಂತರಜಾಲವಿಲ್ಲ ಎಂದು ಭಾವಿಸಿಕೊಳ್ಳೋಣ. ಆಗಲೂ ನಾವು ನಿರುಪಾಯರಲ್ಲ. ಆಕಾಶವಾಣಿಯ ವಾರ್ತೆಗೆ ಮೊದಲು ಕೇಳಿಬರುವ ವೇಳೆಯ ಸದ್ದಿಗೆ ಸರಿಯಾಗಿ ಗಡಿಯಾರವನ್ನು ಕೈಯಿಂದ ಹೊಂದಿಸಬಹುದು. ಮೇಲಾಗಿ, ನಿಯತವಾಗಿ ತಪ್ಪುವ ಗಡಿಯಾರವನ್ನು ಅದರ ತಪ್ಪಿನಿಂದಲೇ ತಿದ್ದುವ ಉಪಾಯವೂ ಉಂಟು. ತಿಂಗಳ 1ನೆಯ ತಾರೀಖು ಗಡಿಯಾರವನ್ನು ಸರಿಯಾಗಿಟ್ಟು, 31ರಂದು ನೋಡಿದಾಗ ಅದು 45 ಸೆಕೆಂಡು ಹಿಂದಿದ್ದರೆ, ದಿನಕ್ಕೆ ಒಂದೂವರೆ ಸೆಕೆಂಡಿನ ತಪ್ಪಾಯಿತು. ಹಾಗೆಂದು ಹೇಳಿದರೆ ‘ಎಚ್‌ಡಬ್ಲ್ಯುಕ್ಲಾಕ್’ ಈ ಅಂಕಿಯನ್ನು ‘ಅಡ್ಜ್‌ಟೈಮ್’ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ 40 ದಿನ ಕಳೆದು ಯಂತ್ರಗಡಿಯಾರವನ್ನು ಅದರಿಂದ ಓದಿಸಿದರೆ, ಅದು 60 ಸೆಕೆಂಡು ಕೂಡಿಸಿಕೊಂಡು ಲೆಕ್ಕ ಹಾಕುತ್ತದೆ. ಆದರೆ ಪುಷ್ಯಮಾಸದಲ್ಲಿ ಅಳೆದ ತಪ್ಪು ವೈಶಾಖಕ್ಕೆ ಸಲ್ಲದು. ಋತು ಬದಲಾದಾಗ ಮತ್ತೆ ಅಳೆಯಬೇಕು.

ಇಷ್ಟು ಶ್ರಮವೇಕೆ?

ಕೆಲವು ನಿಮಿಷ ತಪ್ಪಿದರೇನು ಎಂದು ಯಾರಾದರೂ ಕೇಳಬಹುದು. ಪರೀಕ್ಷೆಗೆ ಅರ್ಜಿ ಹಾಕಲು, ವಿದ್ಯಾರ್ಥಿವೇತನ ಕೋರಲು ನಾವು ತೆರೆಯುವ ಸುರಕ್ಷಿತ ಜಾಲಪುಟಗಳಿಗೆ ಒಂದೊಂದು ಪ್ರಮಾಣಪತ್ರವಿರುತ್ತದೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಸಲ್ಲುತ್ತದೆಂದು ಅದರಲ್ಲಿಯೇ ಬರೆದಿರುತ್ತದೆ. ಬ್ಯಾಟರಿ ಬರಿದಾಗಿ ಹಳೆಯ ವರ್ಷಕ್ಕೆ ಜಾರಿದ ಗಣಕವು ಆ ಪತ್ರವನ್ನು ಇನ್ನೂ ಹುಟ್ಟಿಲ್ಲದ್ದೆಂದು ಬಗೆದು ಪುಟವನ್ನು ತೆರೆಯಲು ನಿರಾಕರಿಸುತ್ತದೆ. ಕೊನೆಯ ದಿನಾಂಕದ ಸಂಜೆ ಹೀಗಾದರೆ ವಿದ್ಯಾರ್ಥಿಗೆ ಒಂದು ವರ್ಷವೇ ನಷ್ಟವಾದೀತು; ಮೂಲಕಾರಣ ಮಾತ್ರ ಒಂದು ಸಣ್ಣ ಬ್ಯಾಟರಿ. 30 ಸೆಕೆಂಡಿಗೊಮ್ಮೆ ಬದಲಾಗುವ ಗುಪ್ತಸಂಖ್ಯೆಗಳನ್ನು ಗಡಿಯಾರದ ವೇಳೆಯಿಂದಲೇ ಹುಟ್ಟಿಸುವ ಪದ್ಧತಿಯಲ್ಲಿ ಒಂದೆರಡು ನಿಮಿಷದ ತಪ್ಪೂ ಬಾಗಿಲನ್ನು ಮುಚ್ಚಿಬಿಡುತ್ತದೆ. ಕಳ್ಳತನ ನಡೆದಾಗ ಯಾವ ಗಣಕದಲ್ಲಿ ಮೊದಲು ಏನಾಯಿತೆಂದು ತಿಳಿಯಲು ಎಲ್ಲ ಗಡಿಯಾರಗಳೂ ಒಂದೇ ಮಾತನ್ನು ಆಡಬೇಕು. ಈ ಕಾರಣದಿಂದಲೇ ಗಣಕಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಭಾರತ ಸರಕಾರದ ಸಂಸ್ಥೆಯು 2022ರ ಏಪ್ರಿಲ್ 28ರಂದು, ಸಂಸ್ಥೆಗಳು ತಮ್ಮ ಗಣಕಗಳನ್ನು ರಾಷ್ಟ್ರೀಯ ಪ್ರಮಾಣ ಕಾಲದೊಡನೆ ಹೊಂದಿಸಬೇಕೆಂದು ನಿರ್ದೇಶಿಸಿತು.

ವಿದ್ಯಾರ್ಥಿಗಳು ಗಮನದಲ್ಲಿಡಬೇಕಾದ ಇನ್ನೊಂದು ದಿನಾಂಕವಿದೆ. 1970ರಿಂದ ಎಣಿಸುವ ಸೆಕೆಂಡುಗಳನ್ನು ಹಳೆಯ ಗಣಕಗಳು 32 ಸ್ಥಾನಗಳ ದ್ವಿಮಾನ ಸಂಖ್ಯೆಯಲ್ಲಿ ಇಡುತ್ತವೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಎಣಿಕೆ 2,14,74,83,647. ನಮ್ಮ ಶಿಷ್ಟಕಾಲದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಮರುಸೆಕೆಂಡಿನಲ್ಲಿ ಅಂಥ ಯಂತ್ರಗಳು 1901ಕ್ಕೆ ಹಿಂದಿರುಗುತ್ತವೆ. 64 ಸ್ಥಾನಗಳ ಎಣಿಕೆಯಿರುವ ಹೊಸ ವ್ಯವಸ್ಥೆಗಳಿಗೆ ಈ ಭಯವಿಲ್ಲ. ಉಳಿದ ಹಳೆಯ ಯಂತ್ರಗಳನ್ನು ಹುಡುಕಿ ಸರಿಪಡಿಸುವ ಹೊಣೆ ಇಂದು ಓದುತ್ತಿರುವವರ ಪಾಲಿಗೆ ಬರಲಿದೆ.

ಅದಕ್ಕೆ ಪೀಠಿಕೆಯಾಗಿ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಉಪಾಧ್ಯಾಯರ ಅನುಮತಿ ಪಡೆದು, ಒಂದು ಗಣಕವನ್ನು ಜಾಲದಿಂದ ಬಿಡಿಸಿ, ಹತ್ತು ದಿನ ಪ್ರತಿದಿನವೂ ಒಂದೇ ಹೊತ್ತಿಗೆ ಅದರ ಯಂತ್ರಗಡಿಯಾರದ ತಪ್ಪನ್ನೂ ಕೋಣೆಯ ಉಷ್ಣತೆಯನ್ನೂ ಬರೆದಿಡಿರಿ. ಇದನ್ನು ಚಳಿಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಮಾಡಿ ಎರಡೂ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿರಿ. ಬೇಸಗೆಯ ಗೆರೆ ಎಷ್ಟು ಹೆಚ್ಚು ಬಾಗಿದೆಯೋ ನೋಡಿ, ಮೇಲೆ ಹೇಳಿದ ವರ್ಗದ ಲೆಕ್ಕಕ್ಕೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸಿರಿ.